ಪುಕ್ಕಟೆ ಸಿಕ್ಕ ಹಳೆಯ ಕಂಪ್ಯೂಟರ್: ಸ್ವಿಚ್ ಒತ್ತುವ ಮೊದಲು ಮಾಡಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಹಳೆಯ ಕಂಪ್ಯೂಟರ್ ಕೂಡಿಡುವ ಹವ್ಯಾಸ ಹಚ್ಚಿಕೊಂಡವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ: ‘ಕೊಟ್ಟವರ ಮನೆಯಲ್ಲಿ ಸರಿಯಿತ್ತಂತೆ, ನಮ್ಮಲ್ಲಿ ಹಚ್ಚಿದ ಕೂಡಲೇ ಢಂ ಎಂದಿತು.’ ಇಂಥ ಯಂತ್ರಗಳಲ್ಲಿ ಬಹುಪಾಲು ಹತ್ತು ಹದಿನೈದು ವರ್ಷ ಅಟ್ಟದ ಮೇಲೆ ಬಿದ್ದುಕೊಂಡಿದ್ದೂ ಕೆಟ್ಟಿರಲಿಲ್ಲ; ಅವು ಸತ್ತದ್ದು ಹೊಸ ಮನೆಗೆ ಬಂದ ಮೊದಲ ಸಂಜೆ, ತಂದವರ ಅವಸರದಿಂದ. ಆದ್ದರಿಂದ ಇಲ್ಲಿ ಕೊಟ್ಟಿರುವ ಹಂತಗಳಿಗಿಂತ ಅವುಗಳ ಅನುಕ್ರಮ ಮುಖ್ಯ. ಒಣಗಿಸುವುದು, ಬಿಚ್ಚುವುದು, ತೊಳೆಯುವುದು, ವಿದ್ಯುತ್ತನ್ನು ಬೇರೆಯಾಗಿ ಪರೀಕ್ಷಿಸುವುದು, ಇಷ್ಟಾದ ಮೇಲೆ ಮಾತ್ರ ಸ್ವಿಚ್. ಮೇಲ್ದರ್ಜೆಗೆ ಏರಿಸುವ ಯೋಚನೆ ಅದಕ್ಕೂ ಆಚೆ.

ಇಲ್ಲಿ ಹೇಳುವುದು ಮುಖ್ಯವಾಗಿ 486 ಪ್ರೊಸೆಸರ್‌ನಿಂದ (ಲೆಕ್ಕ ಮಾಡುವ ಮುಖ್ಯ ಚಿಪ್ಪು) ಪೆಂಟಿಯಮ್ 4ರವರೆಗಿನ ಮೇಜಿನ ಕಂಪ್ಯೂಟರ್‌ಗಳಿಗೆ ಅನ್ವಯಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಪುಕ್ಕಟೆಯಾಗಿ ಸಿಗುವುದೂ ಹೆಚ್ಚಾಗಿ ಅವೇ.

ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಡಿಜಿಟಲ್ ಮಲ್ಟಿಮೀಟರ್, ಮೆತ್ತನೆಯ ಪೇಂಟ್ ಬ್ರಷ್, ಹಳೆಯ ಹಲ್ಲುಜ್ಜುವ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್, ಪ್ರೊಸೆಸರ್ ಮೇಲೆ ಬಳಿಯುವ ಥರ್ಮಲ್ ಪೇಸ್ಟ್, ಒಂದೆರಡು ಸಿಆರ್ 2032 ಬಿಲ್ಲೆ ಸೆಲ್, ಐಡಿಇ (ಅಗಲ ಪಟ್ಟಿ ಕೇಬಲ್ ಹಾಕುವ ಹಳೆಯ ಮಾದರಿ) ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್, ಮದರ್‌ಬೋರ್ಡಿಗೆ (ಎಲ್ಲ ಭಾಗಗಳನ್ನೂ ಕೂರಿಸುವ ಮುಖ್ಯ ಹಲಗೆ) ಸಿಕ್ಕಿಸುವ ಪುಟ್ಟ ಸ್ಪೀಕರ್. ಇವುಗಳ ಜೊತೆಗೆ 100 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು ಹಾಕಿದ ಸೀರೀಸ್ ಬೋರ್ಡ್, ಅಂದರೆ ಕರೆಂಟು ಬಲ್ಬಿನ ಮೂಲಕವೇ ಹಾದು ಯಂತ್ರಕ್ಕೆ ಹೋಗುವ ಬೋರ್ಡ್, ಒಂದು ಬೇಕು. ಊರಿನ ಯಾವ ವೈರಿಂಗ್ ಕೆಲಸದವರನ್ನು ಕೇಳಿದರೂ ಮಾಡಿಕೊಡುತ್ತಾರೆ. ಎಲ್‌ಇಡಿ ಬಲ್ಬು ಹಾಕಿದರೆ ಅದು ಈ ಕೆಲಸಕ್ಕೆ ಬರುವುದಿಲ್ಲ.

ತೊಳೆಯಲು ಎರಡು ದ್ರವ ಬೇಕು: ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಎರಡನೆಯದನ್ನು ಸೀಲ್ ಇರುವ ಕ್ಯಾನಿನಲ್ಲೇ ಕೊಳ್ಳಿ. ಬ್ಯಾಟರಿ ಅಂಗಡಿಯಲ್ಲಿ ಮಗ್ಗಿನಿಂದ ಸುರಿದು ಕೊಡುವ ನೀರಿನಲ್ಲಿ ಆಸಿಡ್ ಬೆರೆತಿರುವ ಸಂಭವವಿದೆ.

ಹಂತ 1: ಕೇಳುವುದು ಎಲ್ಲಿ, ಯಾವಾಗ

ಡಿಟಿಪಿ ಅಂಗಡಿಗಳು, ಮುಚ್ಚಿದ ಸೈಬರ್ ಕೆಫೆಗಳು, ಅಡಿಕೆ ವ್ಯಾಪಾರದ ಕಚೇರಿಗಳು, ಖಾಸಗಿ ದವಾಖಾನೆಗಳು, ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದ ಮನೆಗಳು, ಇವಿಷ್ಟು ಒಳ್ಳೆಯ ಮೂಲಗಳು. ಚೌತಿಗೆ ಮೊದಲು ಮನೆ ಸಾರಿಸುವ ದಿನಗಳಲ್ಲಿ ಮತ್ತು ನವರಾತ್ರಿಗೆ ಅಂಗಡಿ ಚೊಕ್ಕ ಮಾಡುವ ವಾರದಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ‘ತಮಾ, ಅಟ್ಟದ ಮೇಲೆ ಒಂದು ಬಿದ್ಕಂಡಿದ್ದು, ತಗಂಡು ಹೋಗು ಮಾರಾಯ’ ಎಂಬ ಮಾತು ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಬರುವುದು.

ಸರಕಾರಿ ಕಚೇರಿ, ಶಾಲೆ ಮತ್ತು ಸಹಕಾರಿ ಸಂಘಗಳ ವಿಷಯದಲ್ಲಿ ಜಾಗ್ರತೆ ಬೇಕು. ಅಲ್ಲಿನ ಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೂ ದಾಸ್ತಾನು ಪುಸ್ತಕದಲ್ಲಿ ಜೀವಂತವಾಗಿರುತ್ತದೆ. ಅದನ್ನು ನಿರುಪಯುಕ್ತವೆಂದು ತೆಗೆದುಹಾಕದೆ ಪರಿಚಯದ ಗುಮಾಸ್ತರು ಕೊಟ್ಟುಬಿಟ್ಟರೆ ಮುಂದೆ ತೊಂದರೆ ಅವರಿಗೆ. ವಿಲೇವಾರಿ ಅಥವಾ ಹರಾಜಿನ ದಾರಿಯಲ್ಲಿ ಬಂದದ್ದನ್ನೇ ತೆಗೆದುಕೊಳ್ಳಿ. ಖಾಸಗಿಯವರಿಂದ ತಂದಾಗಲೂ ‘ಇದನ್ನು ಸ್ವಇಚ್ಛೆಯಿಂದ ಕೊಟ್ಟಿದ್ದೇನೆ’ ಎಂಬ ಒಂದು ಸಾಲಿನ ಚೀಟಿ ಇರಲಿ.

ಕೊಡುವವರಲ್ಲಿ ಮೂರು ಪ್ರಶ್ನೆ ಕೇಳಿ: ಕೊನೆಯ ಬಾರಿ ಹಚ್ಚಿದ್ದು ಯಾವಾಗ, ಯಾಕೆ ನಿಲ್ಲಿಸಿದಿರಿ, ಸಿಡಿಲು ಬಡಿದಿತ್ತೇ. ಮೂರನೆಯದಕ್ಕೆ ‘ಹೌದು’ ಎಂದರೆ, ಅಥವಾ ಫೋನ್ ತಂತಿಯ ಇಂಟರ್‌ನೆಟ್ ಇತ್ತು ಎಂದರೆ, ಮೋಡೆಮ್ ಕಾರ್ಡ್ ಸುಟ್ಟಿದೆ ಎಂದೇ ತಿಳಿದು ಮುಂದುವರಿಯಿರಿ. ಫೋನ್ ತಂತಿಯಲ್ಲಿ ಬಂದ ಸಿಡಿಲು ಮೊದಲು ಹೊಡೆಯುವುದು ಅದಕ್ಕೇ. ಕೆಲವೊಮ್ಮೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ.

ಹಂತ 2: ಹೊತ್ತು ತರುವ ಮೊದಲು ನೋಡಬೇಕಾದ ಲಕ್ಷಣ

ಪುಕ್ಕಟೆ ಎಂಬ ಕಾರಣಕ್ಕೆ ಎಲ್ಲವನ್ನೂ ತಂದರೆ ಮನೆಯೇ ಗುಜರಿ ಅಂಗಡಿಯಾಗುತ್ತದೆ. ಹಿಂಬದಿಯ ಕನೆಕ್ಟರ್‌ಗಳ ಲೋಹ ಹಸಿರಾಗಿದ್ದರೆ, ಡಬ್ಬಿಯ ತಳದ ತಗಡು ತುಕ್ಕಿನಿಂದ ಹೊಪ್ಪಳಿಕೆ ಎದ್ದಿದ್ದರೆ ಒಳಗೂ ಅದೇ ಕಥೆ. ಬದಿಯ ಬಾಗಿಲು ತೆಗೆಯಲು ಬಿಟ್ಟರೆ ಟಾರ್ಚ್ ಹಾಕಿ ಪ್ರೊಸೆಸರ್ ಸುತ್ತಲಿನ ಕಪ್ಯಾಸಿಟರ್‌ಗಳ (ನಿಂತ ಪುಟ್ಟ ಡಬ್ಬಿಯಂಥ ಬಿಡಿಭಾಗಗಳು) ತಲೆ ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಬದಲಿಸಬೇಕಾದೀತು. ಸುಮಾರು 2000ದಿಂದ 2006ರ ನಡುವೆ ತಯಾರಾದ ಬೋರ್ಡ್‌ಗಳಲ್ಲಿ ಈ ರೋಗ ಹೆಚ್ಚು.

386, 486 ಕಾಲದ ಬೋರ್ಡ್ ಆದರೆ ಕೀಬೋರ್ಡ್ ಸಾಕೆಟ್ಟಿನ ಹತ್ತಿರ ಪೀಪಾಯಿ ಆಕಾರದ, ಹೆಚ್ಚಾಗಿ ನೀಲಿ ಬಣ್ಣದ 3.6 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿರುವುದು ಸಾಮಾನ್ಯ. ಸೋರಿಕೆ ಅಂಗುಲದಷ್ಟರಲ್ಲಿದ್ದರೆ ತನ್ನಿ. ಅರ್ಧ ಬೋರ್ಡಿಗೆ ಹರಡಿದ್ದರೆ ಪ್ರೊಸೆಸರ್, ರ್‍ಯಾಮ್, ಕಾರ್ಡ್‌ಗಳಿಗಾಗಿ ಮಾತ್ರ ತನ್ನಿ.

ಸಿಆರ್‌ಟಿ ಮಾನಿಟರ್ (ಹಳೆಯ ಟಿವಿಯಂಥ ದಪ್ಪ ಗಾಜಿನ ಕೊಳವೆಯದ್ದು) ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಇಡಲು ಒಣ ಜಾಗವಿಲ್ಲದಿದ್ದರೆ ಬೇಡ. ಒಳಗೆ 25,000 ವೋಲ್ಟಿನ ಸುಮಾರಿಗೆ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೊಳವೆಯಲ್ಲಿ ಉಳಿದಿರಬಹುದು. ಉಪ್ಪು ಗಾಳಿ ಕೂತ ಸಿಆರ್‌ಟಿ ಹಚ್ಚಿದಾಗ ಒಳಗೆ ಚಟಚಟ ಸದ್ದು, ಘಾಟಾದ ಓಝೋನ್ ವಾಸನೆ ಬಂದರೆ ತಕ್ಷಣ ಪ್ಲಗ್ ಕೀಳಿ. ಅದರ ಬೆನ್ನು ಬಿಚ್ಚುವುದು ಟಿವಿ ರಿಪೇರಿಯವರ ಕೆಲಸ, ನಮ್ಮದಲ್ಲ.

ಹಂತ 3: ಒಣಗಿಸುವುದು

ಶಿರಸಿ ಕಡೆಯ ಅಟ್ಟದಿಂದ ಬಂದದ್ದರ ಮೇಲೆ ಬೂಷ್ಟು ಮತ್ತು ಇಲ್ಲಣ, ಅಂಕೋಲೆ, ಕುಮಟೆಯ ಕಡಲ ಬದಿಯಿಂದ ಬಂದದ್ದರ ಮೇಲೆ ಕಣ್ಣಿಗೆ ಕಾಣದ ಉಪ್ಪು. ಎರಡೂ ಗಾಳಿಯ ತೇವವನ್ನು ಹೀರಿಕೊಂಡು ಬೋರ್ಡಿನ ಮೇಲೆ ತೆಳುವಾದ ಪಸೆಯನ್ನು ಹಿಡಿದಿಡುತ್ತವೆ. ಉಪ್ಪಿನ ಪಸೆ ವಿದ್ಯುತ್ ಹರಿಯುವ ಪಸೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಮೋಸ ಆಗುವುದು ಇಲ್ಲೇ.

ಯಂತ್ರವನ್ನು ಬದಿಯ ಬಾಗಿಲು ತೆಗೆದು ಫ್ಯಾನಿನ ಕೆಳಗೆ ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ಕನಿಷ್ಠ ಐದು ದಿನ ಬಿಡಿ. ಜುಲೈ ತಿಂಗಳಲ್ಲಿ ಬರಿಯ ಫ್ಯಾನ್ ಒದ್ದೆ ಗಾಳಿಯನ್ನೇ ತಿರುಗಿಸುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಯಂತ್ರವಿಟ್ಟು ಒಂದಡಿ ದೂರದಲ್ಲಿ 40 ವ್ಯಾಟಿನ ತಂತಿ ಬಲ್ಬು ಹಚ್ಚಿ, ನೀವು ಹತ್ತಿರ ಇರುವಷ್ಟು ಹೊತ್ತು ಮಾತ್ರ, ಒಳಗಿನ ಗಾಳಿ ಬೆಚ್ಚಗಿರುವಂತೆ ಮಾಡಿ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಒಣಗಿಸುವ ತಟ್ಟಿಯ ಮೇಲೋ ಇಡುವ ಉಪಾಯ ಬೇಡ. ಹೊಗೆಯ ಜಿಗುಟು ಕೂತರೆ ತೆಗೆಯುವುದು ಉಪ್ಪಿಗಿಂತ ಕಷ್ಟ.

ನಾನೇ ಒಮ್ಮೆ ಆಷಾಢದ ಮಳೆಯಲ್ಲಿ ಬಸ್ಸಿನಲ್ಲಿ ತಂದ ಪೆಂಟಿಯಮ್ 3 ಒಂದನ್ನು ಅದೇ ರಾತ್ರಿ ಹಚ್ಚಿದ್ದೆ. ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಡಬ್ಬಿ) ಒಳಗೆ ನೀಲಿ ಬೆಳಕು ಮಿಂಚಿತು, ಹಲಸಿನ ಬೇಳೆ ಕೆಂಡದಲ್ಲಿ ಸಿಡಿದಂಥ ಸದ್ದು, ಮನೆಯ ಫ್ಯೂಸ್ ಹೋಯಿತು. ಬೋರ್ಡೂ ಉಳಿಯಲಿಲ್ಲ.

ಹಂತ 4: ಬಿಚ್ಚುವುದು ಮತ್ತು ಬ್ಯಾಟರಿ ತೆಗೆಯುವುದು

ಬಿಚ್ಚುವಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ವಿಶೇಷವಾಗಿ ಮುಂಭಾಗದ ಸ್ವಿಚ್ ಮತ್ತು ದೀಪದ ಸಣ್ಣ ತಂತಿಗಳದ್ದು. ಮೊದಲು ಸೆಲ್ ತೆಗೆಯಿರಿ. ಪೀಪಾಯಿ ಬ್ಯಾಟರಿಯಾದರೆ ಕಟಿಂಗ್ ಪ್ಲೇಯರ್‌ನಿಂದ ಕಾಲು ಕತ್ತರಿಸಿ. ಅದರ ಸೋರಿಕೆ ಕ್ಷಾರವಾದ್ದರಿಂದ ಹತ್ತಿಕಡ್ಡಿಗೆ ಬಿಳಿ ವಿನೆಗರ್ ಅದ್ದಿ ಹಚ್ಚಿ, ಗುಳ್ಳೆ ಏಳುವುದು ನಿಂತ ಮೇಲೆ ನೀರಿನಿಂದ ಒರೆಸಿ.

ಪೆಂಟಿಯಮ್ 4ರ 478 ಸಾಕೆಟ್ಟಿನಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಹೀಟ್‌ಸಿಂಕ್ (ಪ್ರೊಸೆಸರ್ ಮೇಲಿನ, ಬಿಸಿ ಹೀರುವ ಲೋಹದ ತುಂಡು) ಎಳೆದರೆ ಪ್ರೊಸೆಸರ್ ಲಾಕ್ ಸಮೇತ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ. ಹೇರ್ ಡ್ರೈಯರಿನಿಂದ ಐದು ನಿಮಿಷ ಬೆಚ್ಚಗೆ ಮಾಡಿ, ಮೇಲಕ್ಕೆ ಎಳೆಯದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿ.

ಒಳಗೆ ಏನೇನಿರುತ್ತದೆ ಎಂಬುದಕ್ಕೂ ಸಿದ್ಧರಾಗಿರಿ. ಸೀರಿಯಲ್ ಪೋರ್ಟಿನ ತೂತುಗಳಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು, ಎಸ್‌ಎಂಪಿಎಸ್ ಜಾಲರಿಯ ಹಿಂದೆ ಹಲ್ಲಿಯ ಮೊಟ್ಟೆ, ಫ್ಲಾಪಿ ಡ್ರೈವ್ ಬಾಯಲ್ಲಿ ಹತ್ತಾರು ಆಯುಧಪೂಜೆಯ ಕುಂಕುಮ ಮತ್ತು ಒಣಗಿದ ಸೇವಂತಿಗೆಯ ಎಸಳು. ಡಿಟಿಪಿ ಅಂಗಡಿಯಿಂದ ಬಂದ ಒಂದರಲ್ಲಿ ಅಡಿಕೆ ಚೂರೂ ಸಿಕ್ಕಿತ್ತು. ಕುಂಕುಮವನ್ನು ಊದಬೇಡಿ, ಊದಿದರೆ ಅದು ಡ್ರೈವಿನ ಹೆಡ್ಡಿಗೆ ಹೋಗಿ ಕೂರುತ್ತದೆ. ಒಣ ಬ್ರಷ್‌ನಿಂದ ಹೊರಕ್ಕೆ ಎಳೆಯಿರಿ.

ಹಂತ 5: ತೊಳೆಯುವುದು

ಹೊರಗಿನವರು ಬರೆದ ಸಲಹೆಗಳೆಲ್ಲ ‘ಆಲ್ಕೋಹಾಲ್ ಹಾಕಿ ಒರೆಸಿ’ ಎನ್ನುತ್ತವೆ. ಕರಾವಳಿಗೆ ಅದು ಅರ್ಧ ಸತ್ಯ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಿಡ್ಡು ಕರಗುತ್ತದೆ, ಉಪ್ಪು ಕರಗುವುದಿಲ್ಲ. ಆಲ್ಕೋಹಾಲಿನಿಂದ ಮಾತ್ರ ಉಜ್ಜಿದ ಬೋರ್ಡ್ ಥಳಥಳಿಸುತ್ತಿದ್ದರೂ ಉಪ್ಪು ಅಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿರುತ್ತದೆ, ಮುಂದಿನ ಮಳೆಗಾಲದಲ್ಲಿ ಮತ್ತೆ ತೇವ ಹೀರಿ ಹಸಿರು ಬರಿಸುತ್ತದೆ. ಉಪ್ಪಿಗೆ ನೀರೇ ಬೇಕು.

ಪ್ರೊಸೆಸರ್, ರ್‍ಯಾಮ್, ಸೆಲ್, ಫ್ಯಾನ್ ಎಲ್ಲ ತೆಗೆದ ಬರಿಯ ಮದರ್‌ಬೋರ್ಡನ್ನು ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಓರೆಯಾಗಿ ನಿಲ್ಲಿಸಿ ಮೇಲಿನಿಂದ ಡಿಸ್ಟಿಲ್ಡ್ ವಾಟರ್ ಹರಿಸುತ್ತ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಸ್ಲಾಟುಗಳ ಒಳಗೂ ನೀರು ಹೋಗಲಿ. ಎರಡನೆಯ ಬಾರಿ ಹೊಸ ನೀರಿನಲ್ಲಿ ಜಾಲಿಸಿ. ಬಾವಿ ನೀರು, ನಲ್ಲಿ ನೀರು ಬೇಡ. ಅವು ಆರಿದಾಗ ತಮ್ಮದೇ ಲವಣದ ಕಲೆ ಬಿಡುತ್ತವೆ. ನೀರು ಬಸಿದ ಮೇಲೆ ಆಲ್ಕೋಹಾಲ್ ಹರಿಸಿ. ಸ್ಲಾಟುಗಳಲ್ಲಿ, ಚಿಪ್ಪುಗಳ ಅಡಿಯಲ್ಲಿ ನಿಂತ ನೀರನ್ನು ಅದು ತನ್ನೊಂದಿಗೆ ಕರೆದೊಯ್ಯುತ್ತದೆ. ಕಿಟಕಿ ತೆರೆದಿರಲಿ, ದೇವರ ದೀಪವೂ ಸೇರಿದಂತೆ ಯಾವ ಬೆಂಕಿಯೂ ಹತ್ತಿರ ಇರಬಾರದು.

ಇದಾದ ಮೇಲೆ ಮತ್ತೆ ಮೂರನೆಯ ಹಂತದಷ್ಟೇ ಒಣಗಿಸುವಿಕೆ. ಇಲ್ಲಿ ತಾಳ್ಮೆಗೆಟ್ಟವರು ಹಿಂದಿನ ಎಲ್ಲ ಕೆಲಸವನ್ನೂ ನೀರಿಗೆ ಹಾಕುತ್ತಾರೆ. ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್, ಸಿಡಿ ಮತ್ತು ಫ್ಲಾಪಿ ಡ್ರೈವ್‌ಗಳನ್ನು ಯಾವ ಕಾರಣಕ್ಕೂ ತೊಳೆಯಬಾರದು. ರ್‍ಯಾಮ್ ಮತ್ತು ಕಾರ್ಡ್‌ಗಳ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ, ಉದುರಿದ ಪುಡಿಯನ್ನು ಆಲ್ಕೋಹಾಲಿನಿಂದ ಒರೆಸಿದರೆ ಸಾಕು.

ಹಂತ 6: ಎಸ್‌ಎಂಪಿಎಸ್ ಪರೀಕ್ಷೆ

ಹಿಂಬದಿಯಲ್ಲಿ 115, 230 ಎಂದು ಬರೆದ ಕೆಂಪು ಜಾರುಗುಂಡಿ ಇದ್ದರೆ ಅದು 230ರಲ್ಲಿದೆಯೇ ನೋಡಿ. ಮಕ್ಕಳ ಕೈಗೆ ಸಿಕ್ಕ ಯಂತ್ರದಲ್ಲಿ ಅದು 115ಕ್ಕೆ ಸರಿದಿರುತ್ತದೆ, ನಮ್ಮ ವಿದ್ಯುತ್ತಿಗೆ ಹಚ್ಚಿದ ಕ್ಷಣ ಸಿಡಿಯುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕಪ್ಯಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ನಿಂತಿರಬಹುದು.

ಮದರ್‌ಬೋರ್ಡಿನಿಂದ ಪೂರ್ತಿ ಬೇರ್ಪಡಿಸಿ, ಹಾಳಾದರೂ ಚಿಂತೆಯಿಲ್ಲದ ಒಂದು ಹಳೆಯ ಸಿಡಿ ಡ್ರೈವನ್ನು ಭಾರಕ್ಕಾಗಿ ಸಿಕ್ಕಿಸಿ, ಸೀರೀಸ್ ಬೋರ್ಡಿನ ಮೂಲಕ ಕರೆಂಟು ಕೊಡಿ. ಬಲ್ಬು ಒಮ್ಮೆ ಮಿಂಚಿ ಆರಿದರೆ ಒಳ್ಳೆಯದು. ಪೂರ್ತಿ ಬೆಳಗುತ್ತಲೇ ಉಳಿದರೆ ಒಳಗೆ ಶಾರ್ಟ್ ಇದೆ. ಬಲ್ಬು ಇಲ್ಲದಿದ್ದರೆ ಅದೇ ಸ್ಫೋಟವಾಗುತ್ತಿತ್ತು. ಪಾಸಾದದ್ದನ್ನು ನೇರ ಪ್ಲಗ್ಗಿಗೆ ಹಾಕಿ, 20 ಅಥವಾ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಯಾವುದಾದರೊಂದು ಕಪ್ಪು ತಂತಿಗೆ ಸಣ್ಣ ವೈರಿನಿಂದ ಜೋಡಿಸಿ. ಫ್ಯಾನ್ ತಿರುಗುತ್ತದೆ. ಮಲ್ಟಿಮೀಟರಿನ ಕಪ್ಪು ಮೊನೆ ಕಪ್ಪು ತಂತಿಗೆ ಇರುವಂತೆ ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಇದರಿಂದ ಹೊರಗಿದ್ದರೆ ಆ ಎಸ್‌ಎಂಪಿಎಸ್ ಮೇಲೆ ಮಮತೆ ಬೇಡ, ಬೇರೆ ಹಾಕಿ.

ಪೆಂಟಿಯಮ್ 2ಕ್ಕಿಂತ ಹಿಂದಿನ ಡಬ್ಬಿಗಳಲ್ಲಿ ಬೇರೆ ಅಪಾಯವಿದೆ. ಅವುಗಳ ಮುಂಭಾಗದ ಗುಂಡಿಗೇ 230 ವೋಲ್ಟ್ ನೇರವಾಗಿ ಬರುತ್ತದೆ. ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ಎರಡು ತುಂಡಾಗಿರುತ್ತದೆ, ಎರಡರ ಕಪ್ಪು ತಂತಿಗಳೂ ನಡುವೆ ಒಟ್ಟಿಗೆ ಬರುವಂತೆ ಕೂರಿಸಬೇಕು. ಅದಲು ಬದಲಾದರೆ ಬೋರ್ಡ್ ಸುಡುತ್ತದೆ.

ಹಂತ 7: ಕನಿಷ್ಠ ಸಾಮಾನಿನಲ್ಲಿ ಮೊದಲ ಸ್ವಿಚ್

ಡಬ್ಬಿಯ ಹೊರಗೆ, ರಟ್ಟಿನ ಮೇಲೆ ಬೋರ್ಡ್ ಇಟ್ಟು ಪ್ರೊಸೆಸರ್, ಹೊಸ ಪೇಸ್ಟ್, ಹೀಟ್‌ಸಿಂಕ್, ಒಂದೇ ರ್‍ಯಾಮ್, ಬೋರ್ಡಿನಲ್ಲೇ ಡಿಸ್ಪ್ಲೇ ಇಲ್ಲದಿದ್ದರೆ ಡಿಸ್ಪ್ಲೇ ಕಾರ್ಡ್, ಸ್ಪೀಕರ್ ಇಷ್ಟನ್ನೇ ಹಾಕಿ. ಮೋಡೆಮ್, ಸೌಂಡ್ ಕಾರ್ಡ್, ಡಿಸ್ಕ್ ಯಾವುದೂ ಬೇಡ. ಅವಾರ್ಡ್ ಕಂಪನಿಯ ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಇದ್ದಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್ಪ್ಲೇ ಕಾರ್ಡ್ ಸರಿಯಾಗಿ ಕೂತಿಲ್ಲ. ಉದ್ದ ಬೀಪ್ ಮತ್ತೆ ಮತ್ತೆ ಬಂದರೆ ರ್‍ಯಾಮ್ ದೋಷ. ಬೀಪ್ ಬಂದದ್ದಕ್ಕೆ ಬೇಸರ ಬೇಡ, ಬೋರ್ಡ್ ಮಾತಾಡುತ್ತಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ರ್‍ಯಾಮನ್ನೂ ತೆಗೆದು ಹಚ್ಚಿ ನೋಡಿ. ಆಗಲೂ ಮೌನವೆಂದರೆ ಪ್ರೊಸೆಸರ್ ಅಥವಾ ಬೋರ್ಡ್ ಕಡೆ ಸಂಶಯಪಡಬೇಕು. ಚಿತ್ರ ಬಂದ ಮೇಲೆ ನೆನಪಿನ ಚಿಪ್ಪುಗಳನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಒಂದು ರಾತ್ರಿ ಓಡಲಿ.

ಹಂತ 8: ಕೊಟ್ಟವರ ಕಡತಗಳು

ಹಾರ್ಡ್ ಡಿಸ್ಕನ್ನು ಅದರ ಹಳೆಯ ವಿಂಡೋಸ್‌ನಲ್ಲಿ ಎಬ್ಬಿಸುವ ಕುತೂಹಲ ಸಹಜ, ಆದರೆ ಹಾಗೆ ಮಾಡಬೇಡಿ. ಅಡಾಪ್ಟರ್ ಮೂಲಕ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಡಿಡಿರೆಸ್ಕ್ಯೂ ತಂತ್ರಾಂಶದಿಂದ ಪೂರ್ತಿ ನಕಲು ತೆಗೆಯಿರಿ. ಕಟಕಟ ಸದ್ದು ಮಾಡುವ ಡಿಸ್ಕಿಗೆ ಉಳಿದಿರುವ ಆಯುಷ್ಯ ಕೆಲವೇ ಗಂಟೆ ಇರಬಹುದು. ಮದುವೆಯ ಫೋಟೊ, ತೋಟದ ಲೆಕ್ಕ ಸಿಕ್ಕರೆ ಪೆನ್ ಡ್ರೈವಿನಲ್ಲಿ ಹಾಕಿ ಹಿಂದಿರುಗಿಸಿ, ಆಮೇಲೆ ಡಿಸ್ಕನ್ನೂ ನಕಲನ್ನೂ ಅಳಿಸಿ. ಮುಂದಿನ ಯಂತ್ರ ನಿಮಗೆ ಸಿಗುವುದು ಈ ನಡತೆಯ ಮೇಲೆ. ನುಡಿ, ಶ್ರೀಲಿಪಿಯ ಹಳೆಯ ಕಡತಗಳು ಹೊಸ ಯಂತ್ರದಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವು ಕೆಟ್ಟಿರುವುದಿಲ್ಲ, ಆ ಕಾಲದ ಫಾಂಟ್ ಸಂಕೇತದಲ್ಲಿವೆ ಅಷ್ಟೇ. ಯುನಿಕೋಡಿಗೆ ಬದಲಿಸಿ ಕೊಟ್ಟರೆ ಉಪಕಾರ.

ಹಂತ 9: ಮೇಲ್ದರ್ಜೆಗೆ ಏರಿಸುವುದು

ಮೊದಲು ಚಿಪ್‌ಸೆಟ್ (ಮದರ್‌ಬೋರ್ಡಿನ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್ಪುಗಳು) ಯಾವುದೆಂದು ತಿಳಿದುಕೊಳ್ಳಿ, ಆಮೇಲೆ ರ್‍ಯಾಮ್ ಹುಡುಕಿ. ನಮ್ಮಲ್ಲಿ ಹೇರಳವಾಗಿ ಮಾರಾಟವಾದ ಇಂಟೆಲ್ 810 ಮತ್ತು 815 ಚಿಪ್‌ಸೆಟ್‌ಗಳು 512 ಎಂಬಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ, 845ಕ್ಕೆ 2 ಜಿಬಿ, 865ಕ್ಕೆ 4 ಜಿಬಿ ಮಿತಿ. ಎಸ್‌ಡಿರ್‍ಯಾಮ್‌ಗೆ 168 ಪಿನ್, ಡಿಡಿಆರ್‌ಗೆ 184. ಕಚ್ಚು ಹೊಂದದಿದ್ದರೆ ಒತ್ತಿ ಕೂರಿಸಬಾರದು. ವಿಂಡೋಸ್ 98 ಹಾಕುವುದಿದ್ದರೆ 512 ಎಂಬಿಯಲ್ಲೇ ನಿಲ್ಲಿಸಿ. ಹೆಚ್ಚಾದರೆ ಅದು ತಿದ್ದುಪಡಿಯಿಲ್ಲದೆ ತಕರಾರು ಮಾಡುತ್ತದೆ.

ಎರಡನೆಯದು ಡಿಸ್ಕ್. ಹಳೆಯ ಬಯಾಸ್‌ಗಳು ತಯಾರಾದ ಕಾಲಕ್ಕೆ ತಕ್ಕಂತೆ 504 ಎಂಬಿ, 8.4 ಜಿಬಿ, 32 ಜಿಬಿ ಅಥವಾ 137 ಜಿಬಿಯ ಗಡಿಯಲ್ಲಿ ನಿಲ್ಲುತ್ತವೆ. ದೊಡ್ಡ ಡಿಸ್ಕ್ ಹಾಕಿದರೆ ಯಂತ್ರ ಎದ್ದೇಳದೆ ಅಲ್ಲೇ ತೂಕಡಿಸುತ್ತದೆ. 486, ಪೆಂಟಿಯಮ್‌ಗಳಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಐಡಿಇಗೆ ಜೋಡಿಸುವ ಅಡಾಪ್ಟರ್, ಪೆಂಟಿಯಮ್ 4ಕ್ಕೆ ಸಾಟಾದಿಂದ (ಐಡಿಇಯ ನಂತರ ಬಂದ ಡಿಸ್ಕ್ ಜೋಡಣೆ) ಐಡಿಇಗೆ ಬದಲಿಸುವ ಅಡಾಪ್ಟರ್ ಮತ್ತು 120 ಜಿಬಿಯ ಎಸ್‌ಎಸ್‌ಡಿ ನನ್ನ ಆಯ್ಕೆ. ವಿಂಡೋಸ್ ಎಕ್ಸ್‌ಪಿಗೆ ಎಸ್‌ಎಸ್‌ಡಿಯ ಅಂದಾಜಿಲ್ಲ. ಅದರ ವಿಭಾಗವನ್ನು ಬೇರೆ ಹೊಸ ಯಂತ್ರದಲ್ಲಿ ಮೊದಲೇ ಮಾಡಿಕೊಂಡು ಬಂದರೆ ವೇಗ ಉಳಿಯುತ್ತದೆ. ಕೇಬಲ್ 80 ತಂತಿಯದ್ದಾಗಿರಲಿ, ಮಾಸ್ಟರ್ ಜಂಪರ್ ಮರೆಯಬೇಡಿ.

ಎಜಿಪಿ ಎಂಬ ಸ್ಲಾಟಿನ ಡಿಸ್ಪ್ಲೇ ಕಾರ್ಡ್‌ನಲ್ಲಿ ಎಚ್ಚರ. 3.3 ವೋಲ್ಟಿನ ಹಳೆಯ ಕಾರ್ಡನ್ನು 845ರಂಥ 1.5 ವೋಲ್ಟಿನ ಬೋರ್ಡಿಗೆ ಹಾಕಿದರೆ ಬೋರ್ಡ್ ಸುಡಬಹುದು, ಕೆಲವು ಅಗ್ಗದ ಕಾರ್ಡ್‌ಗಳಲ್ಲಿ ಕಚ್ಚು ಸುಳ್ಳು ಹೇಳುತ್ತದೆ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಒಂದು ದಿನ ಓಡಿಸಿ ನೋಡಿ. ರ್‍ಯಾಮ್, ಡಿಸ್ಕ್, ಕಾರ್ಡ್ ಮೂರನ್ನೂ ಒಂದೇ ಮಧ್ಯಾಹ್ನ ಹಾಕಿದವರು ಮರುದಿನ ತೊಂದರೆ ಬಂದಾಗ ಎಲ್ಲವನ್ನೂ ಮತ್ತೆ ಬಿಚ್ಚುತ್ತಾರೆ.

ಆಪರೇಟಿಂಗ್ ವ್ಯವಸ್ಥೆಯ ಆಯ್ಕೆ ಚುಟುಕಾಗಿ: 486ಕ್ಕೆ ಫ್ರೀಡಾಸ್, ಪೆಂಟಿಯಮ್ 2 ಮತ್ತು 3ಕ್ಕೆ ವಿಂಡೋಸ್ 98 ಎರಡನೆಯ ಆವೃತ್ತಿ, ಪೆಂಟಿಯಮ್ 4ಕ್ಕೆ ಎಕ್ಸ್‌ಪಿ. ಪೆಂಟಿಯಮ್ 4ರಲ್ಲಿ ಲಿನಕ್ಸ್ ಬೇಕೆಂದರೆ ಡೆಬಿಯನ್ 12 ನೋಡಿ. 13ರಿಂದ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ನಿಂತಿದೆ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿರುವುದರಿಂದ ಅದನ್ನು ಇಂಟರ್‌ನೆಟ್ಟಿಗೆ ಜೋಡಿಸಿ ಬ್ಯಾಂಕಿನ ಕೆಲಸ ಮಾಡಬಾರದು.

ಹಂತ 10: ಮಳೆಗಾಲ ದಾಟಿಸುವುದು

ಜೂನ್‌ಗೆ ಮೊದಲು ಯಂತ್ರವನ್ನು ನೆಲದಿಂದ ಎತ್ತರದಲ್ಲಿ, ಚಿರೆಕಲ್ಲಿನ ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಇಡಿ; ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಬೆವರುತ್ತದೆ, ಹತ್ತಿಯ ಹಳೆಯ ಪಂಚೆ ಮೇಲು. ಬಿಡಿ ಕಾರ್ಡ್, ರ್‍ಯಾಮ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದಾಗ 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ.

ಹದಿನೈದು ದಿನಕ್ಕೊಮ್ಮೆ, ಗುಡುಗಿಲ್ಲದ ಹೊತ್ತು ನೋಡಿ, ಅರ್ಧ ಗಂಟೆ ಹಚ್ಚಿಡಿ. ಒಳಗಿನ ಬಿಸಿಯೇ ಬೂಷ್ಟನ್ನು ದೂರವಿಡುತ್ತದೆ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಕಿತ್ತಿಡಿ. ಸೆಪ್ಟೆಂಬರ್ ಕಳೆದ ಮೇಲೆ ಬಾಗಿಲು ತೆಗೆದು ಕಪ್ಯಾಸಿಟರ್‌ಗಳ ತಲೆಯನ್ನೂ ಸೀರಿಯಲ್ ಪೋರ್ಟಿನ ತೂತುಗಳನ್ನೂ ಇನ್ನೊಮ್ಮೆ ಟಾರ್ಚ್ ಹಾಕಿ ನೋಡಿ. ಕುಂಬಾರ ಹುಳ ಅಷ್ಟರೊಳಗೆ ಹೊಸ ಗೂಡು ಶುರುಮಾಡಿರುತ್ತದೆ.